ಎಸೆದವಳು ಎತ್ತಬಾರದು

ನಾನು ಹುಟ್ಟಿದ ಮೂರನೆಯ ದಿನ ಅವ್ವ ನನ್ನನ್ನು ತಿಪ್ಪೆಗೆ ಎಸೆದಳು. ಇದನ್ನು ಹೇಳಿದರೆ ಪಟ್ಟಣದವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ. ನನಗಿಂತ ಮೊದಲು ಹುಟ್ಟಿದ ಮೂರು ಮಕ್ಕಳೂ ಹಲ್ಲು ಬರುವ ಮುಂಚೆಯೇ ಹೋಗಿದ್ದವು. ನಾಲ್ಕನೆಯದಾದರೂ ಉಳಿಯಬೇಕಾದರೆ ಪೀಡೆಯ ಕಣ್ಣಿಗೆ ಮಣ್ಣೆರಚಬೇಕು. ಈ ಮಗು ನಮ್ಮದಲ್ಲ, ನಮಗೆ ಬೇಡ, ಇದು ಕಸ ಎಂದು ತೋರಿಸಬೇಕು. ಅವ್ವ ನನ್ನನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಬೂದಿಯ ರಾಶಿಯ ಮೇಲಿಟ್ಟು, ತಿರುಗಿ ನೋಡದೆ ಒಳಗೆ ಬಂದಳು. ಆಗ ಇಪ್ಪತ್ತೈದರ ಹೆಂಗಸಾಗಿದ್ದ ಪಕ್ಕದ ಮನೆಯ ಉಗಾಹ್ವಿ ನನ್ನನ್ನು ಎತ್ತಿಕೊಂಡು ಬಂದು ಕಿಟಕಿ ತಟ್ಟಿದಳು. "ತಿಪ್ಪೇಲಿ ಒಂದು ಮಗು ಸಿಕ್ತು, ಕೊಳ್ತೀರಾ?" ಎಂದಳು. ಅಪ್ಪ ಒಂದು ರೊಟ್ಟಿ ಕೊಟ್ಟು ಕಿಟಕಿಯಿಂದಲೇ ನನ್ನನ್ನು ಕೊಂಡ.

ಹಾಗೆ ಬಂದವರಿಗೆ ಇಡುವ ಹೆಸರೇ ನನಗೂ ಬಂತು. ಊರಿನಲ್ಲಿ ನಾನು ಸುಪ್ಪಿ, ಎಂದರೆ ಕಸದವಳು. ಶಾಲೆಯ ದಾಖಲೆಯಲ್ಲಿ ಲಿದಿಯಾ ತಿಮೊಫೆಯೆವ್ನಾ. ನಮ್ಮೂರು ಹುರಾಂಕಾಸಿಯ ಶಾಲೆಯಲ್ಲಿ ಮೂವತ್ತಾರು ವರ್ಷ, ರಷ್ಯಾದೊಳಗಿನ ನಮ್ಮ ಸಣ್ಣ ಜನಾಂಗದ ಮಾತಾದ ಚುವಾಶ್ ಭಾಷೆ, ಚುವಾಶ್ ಸಾಹಿತ್ಯ ಕಲಿಸಿದೆ. ಎರಡು ಕಥಾಸಂಕಲನ ಬರೆದೆ. ಈಗ ಅರವತ್ತು. ಕಾಲು ಸ್ವಲ್ಪ ಸೋತಿದೆ, ಬಾಯಿ ಸೋತಿಲ್ಲ.

ಕಳೆದ ಅಕ್ಟೋಬರಿನ ಒಂದು ಸೋಮವಾರ, ಉಪ್ಪು ಹಾಕಿಡಲು ಎಲೆಕೋಸು ಹೆಚ್ಚುತ್ತಿದ್ದೆ. ನಮ್ಮೂರ ಲೈಬ್ರರಿ ನೋಡಿಕೊಳ್ಳುವ ನಸ್ತುಕ್ ಬಂದು ಹೊಸ್ತಿಲ ಮೇಲೆ ನಿಂತಳು. ನನ್ನ ಹಳೆಯ ವಿದ್ಯಾರ್ಥಿನಿ, ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವಳು. ಬೂಟು ಕಳಚಲಿಲ್ಲ. ಬೂಟು ಕಳಚದೆ ನಿಂತವರು ಒಳ್ಳೆಯ ಸುದ್ದಿ ತಂದಿರುವುದಿಲ್ಲ.

"ಟೀಚರ್, ಚುವಾಶ್ ಕಪಾಟು ಹೋಗ್ತಿದೆ."

"ಎಲ್ಲಿಗೆ?"

"ರದ್ದಿಗೆ. ಶುಕ್ರವಾರ ಮೂರು ಗಂಟೆಗೆ ಲಾರಿ ಬರುತ್ತೆ."

ಐದು ವರ್ಷದಲ್ಲಿ ಒಮ್ಮೆಯೂ ಯಾರೂ ಎರವಲು ಒಯ್ಯದ ಪುಸ್ತಕವನ್ನು ಪಟ್ಟಿಯಿಂದ ತೆಗೆದು ರದ್ದಿಗೆ ಹಾಕಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತಂತೆ. ರಷ್ಯನ್ ಪುಸ್ತಕಗಳಲ್ಲಿ ಮೂವತ್ತು ಹೋಗುತ್ತವೆ. ಚುವಾಶ್ ಪುಸ್ತಕಗಳು ಇರುವುದೇ ಇನ್ನೂರ ಮೂವತ್ತಾರು, ಅಷ್ಟೂ ಹೋಗುತ್ತವೆ. ನನ್ನ ಎರಡೂ ಅದರಲ್ಲೇ ಇದ್ದವು.

ಕೈಯಲ್ಲಿದ್ದ ಚಾಕುವನ್ನು ಎಲೆಕೋಸಿನ ನೆತ್ತಿಗೆ ಚುಚ್ಚಿದೆ. "ನಾಚಿಕೆ ಇಲ್ವೇನೆ ಈ ಊರಿಗೆ? ಮುನ್ನೂರು ಮನೆ ಇವೆ. ಮನೆಗೊಬ್ಬರು ಬಂದು ಒಂದೊಂದು ಪುಸ್ತಕ ತಗೊಂಡಿದ್ರೆ ಆಗ್ತಿರಲಿಲ್ವಾ? ಸಂತೆಗೆ ಹೋಗ್ತಾರೆ, ಟೀವಿ ನೋಡ್ತಾರೆ, ಒಂದು ಪುಸ್ತಕ ಕೈಯಲ್ಲಿ ಹಿಡಿಯೋಕೆ ಇವರ ಕೈಗೆ ಲಕ್ವ ಹೊಡೆದಿತ್ತಾ? ನೀನಾದ್ರೂ ಏನ್ ಮಾಡ್ತಿದ್ದೆ?"

ನಸ್ತುಕ್ ತನ್ನ ಬೂಟು ನೋಡಿಕೊಂಡಳು. "ನನ್ ಕೈಲಾಗಿದ್ದು ಮಾಡ್ದೆ, ಟೀಚರ್," ಎಂದಳು. ಇನ್ನೇನೋ ಹೇಳಲಿದ್ದವಳು ಬಾಯಿ ಮುಚ್ಚಿಕೊಂಡು ಹೊರಟುಹೋದಳು. ಅದೇನೆಂದು ಕೇಳುವ ತಾಳ್ಮೆ ನನಗಿರಲಿಲ್ಲ. ನನ್ನ ತಲೆಯಲ್ಲಿ ಆಗಲೇ ಒಂದು ಪತ್ರ ತಯಾರಾಗುತ್ತಿತ್ತು.

ಗುರುವಾರ ನಮ್ಮ ಚುವಾಶ್ ಗಣರಾಜ್ಯದ ರಾಜಧಾನಿ ಶುಪಾಶ್ಕರಿನಲ್ಲಿ ಒಂದು ವಿಚಾರ ಸಂಕಿರಣವಿತ್ತು. ವಿಷಯ, 'ಚುವಾಶ್ ಸಾಹಿತ್ಯದಲ್ಲಿ ರಾಷ್ಟ್ರೀಯ ಅಸ್ಮಿತೆ'. ಹಳ್ಳಿಯ ಲೇಖಕಿ ಎಂಬ ಲೆಕ್ಕದಲ್ಲಿ ನನಗೂ ಹದಿನೈದು ನಿಮಿಷ ಕೊಟ್ಟಿದ್ದರು. ಅಲ್ಲಿಗೆ ಬಂದವರೆಲ್ಲರ ಸಹಿ ಹಾಕಿಸಿ ಪತ್ರ ತಂದರೆ ಯಾವ ಲಾರಿ ಮುಂದೆ ಹೋಗುತ್ತದೋ ನೋಡೋಣ ಅಂದುಕೊಂಡೆ.

ಸಭಾಂಗಣದ ಬಾಗಿಲಲ್ಲಿ ನಾಣ್ಯ ಹೊಲಿದ ಟೋಪಿ ತೊಟ್ಟ ಇಬ್ಬರು ಹುಡುಗಿಯರು ಅತಿಥಿಗಳಿಗೆ ಕೊಡಲು ಬಿಯರ್ ತುಂಬಿದ ಮರದ ಸೌಟು ಹಿಡಿದು ನಿಂತಿದ್ದರು. ಬಾಯಿಪಾಠ ಮಾಡಿದ ಸ್ವಾಗತವನ್ನು ಚುವಾಶಿನಲ್ಲಿ ಒಪ್ಪಿಸಿದರು. ನನ್ನ ಸರದಿ ಬರುವವರೆಗೆ ಅಲ್ಲಿ ನನ್ನ ಭಾಷೆ ಕೇಳಿದ್ದು ಅಷ್ಟೇ. ನನಗಿಂತ ಮೊದಲು ಹನ್ನೊಂದು ಜನ ಮಾತಾಡಿದರು, ಹನ್ನೊಂದು ಜನವೂ ರಷ್ಯನ್ನಿನಲ್ಲಿ. ಬೇರು ಎಂದರು, ಸೆಲೆ ಎಂದರು, ಜನಾಂಗದ ಆತ್ಮ ಎಂದರು. ತಾಯಿಭಾಷೆಯನ್ನು ಹೊಗಳಲು ಇವರಿಗೆ ಮಲತಾಯಿಯ ನಾಲಿಗೆಯೇ ಬೇಕಾಯಿತು. ಅಧ್ಯಕ್ಷತೆ ಪ್ರೊಫೆಸರ್ ವಿತಾಲಿ ಕಿರುಶೆವನದು. ನಮ್ಮ ಪಕ್ಕದ ಹಳ್ಳಿಯವನು. ಅವನ ಅವ್ವನಿಗೆ ರಷ್ಯನ್ನಿನ ಒಂದು ವಾಕ್ಯ ಬರುತ್ತಿರಲಿಲ್ಲ. ಸಂತೆಯಲ್ಲಿ ನನ್ನ ಅವ್ವನ ಪಕ್ಕ ಕೂತು ಆಲೂಗಡ್ಡೆ ಮಾರುತ್ತಿದ್ದಳು. ಮಗ ಕಸೂತಿ ಕಾಲರಿನ ಅಂಗಿ ತೊಟ್ಟು ಅಸ್ಮಿತೆ ಮಾರುತ್ತಿದ್ದ.

ನನ್ನ ಸರದಿ ಬಂತು. ಚುವಾಶಿನಲ್ಲಿ ಶುರು ಮಾಡಿದೆ. ಎರಡು ವಾಕ್ಯ ಆಗಿರಲಿಲ್ಲ, ಕಿರುಶೆವ್ ಮೈಕಿಗೆ ಬಗ್ಗಿದ. "ಲಿದಿಯಾ ತಿಮೊಫೆಯೆವ್ನಾ, ದಯವಿಟ್ಟು ಎಲ್ರಿಗೂ ಅರ್ಥ ಆಗೋ ಭಾಷೇಲಿ. ಹೊರಗಿನ ಅತಿಥಿ ಇದ್ದಾರೆ."

ಮೊದಲ ಸಾಲಿನಲ್ಲಿದ್ದ ಆ ಅತಿಥಿ ಗಲ್ಲಕ್ಕೆ ಕೈ ಕೊಟ್ಟು ಸೊಗಸಾಗಿ ನಿದ್ದೆ ಮಾಡುತ್ತಿದ್ದರು.

"ಅವರು ಮಲಗಿದ್ದಾರೆ, ಏಳಿಸಬೇಡ," ಎಂದೆ ಚುವಾಶಿನಲ್ಲೇ. "ಎಚ್ಚರ ಇರೋರಿಗೆ ಹೇಳ್ತಿದ್ದೀನಿ." ಹಿಂದಿನ ಸಾಲಿನಲ್ಲಿ ನಕ್ಕರು. ನಕ್ಕರೆಂದರೆ ಅರ್ಥವಾಗಿದೆ ಎಂದಾಯಿತು. ಹದಿನೈದು ನಿಮಿಷವೂ ಬೈದೆ. ನಮ್ಮ ಪುಸ್ತಕಗಳು ಶುಕ್ರವಾರ ಮೂರು ಗಂಟೆಗೆ ಲಾರಿ ಹತ್ತುತ್ತಿವೆ, ನೀವಿಲ್ಲಿ ಬೇರಿಗೆ ನೀರೆರೆಯುತ್ತಿದ್ದೀರಿ ಎಂದೆ. ಬೈಸಿಕೊಂಡವರು ಜೋರಾಗಿ ಚಪ್ಪಾಳೆ ತಟ್ಟಿದರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಊಟದ ಹೊತ್ತಿಗೆ ನಲವತ್ತೊಂದು ಸಹಿ ಬಿದ್ದಿದ್ದವು. ಕಿರುಶೆವ್ ಕೊನೆಗೆ ಸಹಿ ಹಾಕುತ್ತ ದನಿ ತಗ್ಗಿಸಿ ಚುವಾಶಿನಲ್ಲಿ ಹೇಳಿದ, "ನೋಡು ಸುಪ್ಪಿ, ಇಷ್ಟೊಂದು ಕೂಗಾಡಬೇಡ. ಅಸ್ಮಿತೆ ಅನ್ನೋದು ಕಪಾಟಲ್ಲಿ ಇರಲ್ಲ, ಪ್ರಜ್ಞೇಲಿರುತ್ತೆ."

"ನಿನ್ನ ಪ್ರಜ್ಞೆ ಕೊನೇ ಸಲ ಚುವಾಶ್ ಪುಸ್ತಕ ಓದಿದ್ದು ಯಾವಾಗ?"

"ನಿನ್ನದು?" ಎಂದು ನಕ್ಕ.

"ನನ್ನ ಜೀವನಾನೇ ಅದು ಕಣೋ," ಎಂದು ಪತ್ರ ಕಿತ್ತುಕೊಂಡು ಹೊರಟೆ. ಬಾಗಿಲಲ್ಲಿ ಆ ಟೋಪಿಯ ಹುಡುಗಿ ಓಡಿ ಬಂದು ಸಂಕಿರಣದ ಪ್ರಬಂಧಗಳ ಸಂಪುಟವನ್ನು ನನ್ನ ಕೈಗೆ ತುರುಕಿದಳು. ಚಿನ್ನದ ಅಕ್ಷರದ ರಟ್ಟು, ನುಣುಪು ಕಾಗದ, ಆರುನೂರು ಪುಟ. ಒಳಗೆಲ್ಲ ರಷ್ಯನ್. ಬಸ್ಸಿನಲ್ಲಿ ಎರಡು ಗಂಟೆ ಅದು ನನ್ನ ತೊಡೆ ಜಜ್ಜಿತು.

ಶುಕ್ರವಾರ ಮಧ್ಯಾಹ್ನ ಹೊಸ ಸ್ಕಾರ್ಫ್ ಕಟ್ಟಿಕೊಂಡು, ಪತ್ರ ಹಿಡಿದು ಲೈಬ್ರರಿಗೆ ಹೋದೆ. ಲೈಬ್ರರಿಯ ಹಿಂದೆ ಒಲೆಯ ಬೂದಿ ಸುರಿಯುವ ರಾಶಿ ಇದೆ. ಲಾರಿ ಅಲ್ಲಿಗೇ ಬರುವುದು. ಪುಸ್ತಕಗಳನ್ನು ಆಗಲೇ ಸೆಣಬಿನ ದಾರದಲ್ಲಿ ಕಟ್ಟಿ ಆ ರಾಶಿಯ ಪಕ್ಕ ಜೋಡಿಸಿದ್ದರು. ಕೆಲವು ಕಟ್ಟು ಜಾರಿ ಬೂದಿಯ ಮೇಲೇ ಬಿದ್ದಿದ್ದವು.

ಒಳಗೆ ನಸ್ತುಕ್ ಖಾಲಿ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಪತ್ರವನ್ನು ಅವಳ ಮುಂದೆ ಮೇಜಿಗೆ ಬಡಿದೆ.

"ನಲವತ್ತೊಂದು ಸಹಿ. ಪ್ರೊಫೆಸರ್‌ಗಳು, ಲೇಖಕರು. ಲಾರಿ ವಾಪಸ್ ಕಳಿಸು."

ಅವಳು ಬೆರಳಿಟ್ಟು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದಳು. "ಇದ್ರಲ್ಲಿ ಯಾರಾದ್ರೂ ನಮ್ಮ ಲೈಬ್ರರಿ ಮೆಂಬರ್ರಾ, ಟೀಚರ್?"

"ಏನು ಕೊಂಕು ಮಾತು ಕಲ್ತಿದ್ದೀಯೇ?"

"ಕೊಂಕಲ್ಲ. ಸಹಿ ಹಾಕಿದ್ರೆ ಉಳಿಯಲ್ಲ, ಪುಸ್ತಕ ತಗೊಂಡು ಹೋಗಿದ್ರೆ ಉಳೀತಿತ್ತು. ತೂಕ ಬರೆದು ಕಳಿಸಿಯಾಗಿದೆ, ನೂರಾ ಹನ್ನೆರಡು ಕೆಜಿ. ರದ್ದಿಯವರ ಚೀಟಿ ತಂದು ತೋರಿಸ್ಬೇಕು. ಕಡಿಮೆ ಬಂದ್ರೆ ನನ್ನ ಕೆಲ್ಸ ಹೋಗುತ್ತೆ."

ಆಗ ನನಗೆ ತಡೆಯಲಾಗದ ಸಿಟ್ಟು ಬಂತು. ಊರವರನ್ನೆಲ್ಲ ಬೈದೆ, ಮನೆ ಮನೆ ಹೆಸರು ಹಿಡಿದು ಬೈದೆ. ಅವಳನ್ನೂ ಬೈದೆ. ನಿನಗೆ ಅಕ್ಷರ ಕಲಿಸಿದ್ದಕ್ಕೆ ಇದೇನೇ ಪ್ರತಿಫಲ ಎಂದೆ. "ಯಾರ್ಯಾರು ಐದು ವರ್ಷದಿಂದ ಒಂದು ಚುವಾಶ್ ಪುಸ್ತಕ ಮುಟ್ಟಿಲ್ಲ, ಅವರ ಹೆಸರು ಕೊಡು. ಬರೆದು ಅಂಗಡಿ ಬಾಗಿಲಿಗೆ ಅಂಟಿಸ್ತೀನಿ. ನೋಡಲಿ ಎಲ್ರೂ."

ನಸ್ತುಕ್ ಒರೆಸುವ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಕೈ ಒರೆಸಿಕೊಂಡು ಕಾರ್ಡುಗಳ ಡಬ್ಬಿ ತೆಗೆದಳು. ದಾರದಲ್ಲಿ ಹೊಲಿದು ಸೇರಿಸಿದ್ದ ದಪ್ಪನೆಯ ಒಂದು ಕಾರ್ಡನ್ನು ನನ್ನ ಪತ್ರದ ಮೇಲಿಟ್ಟಳು. ಅದರ ಮೇಲೆ ನನ್ನ ಹೆಸರಿತ್ತು.

"ಅಂಗಡಿ ಬಾಗಿಲಿಗೆ ಇದನ್ನೂ ಅಂಟಿಸ್ತೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನನಗೆ ಹೆಗಲು ಮುಟ್ಟಿಕೊಳ್ಳುವುದೂ ತೋಚಲಿಲ್ಲ. ಕಾರ್ಡಿನ ಒಂದೊಂದು ಸಾಲೂ ಪತ್ತೇದಾರಿ ಕಾದಂಬರಿ. ಮಾಸ್ಕೋದ ಕೊಲೆ, ರೈಲಿನ ಕೊಲೆ, ಮಂತ್ರಿಯ ಹೆಂಡತಿಯ ಕೊಲೆ. ಎಲ್ಲವೂ ರಷ್ಯನ್. ಹೆಚ್ಚುಕಡಿಮೆ ವಾರಕ್ಕೊಂದು. ಮೊದಮೊದಲು ನೋಟುಬುಕ್ಕು ತಿದ್ದಿ ದಣಿದ ಕಣ್ಣಿಗೆ ಹಗುರವಾಗಿದ್ದೇನಾದರೂ ಬೇಕಾಗಿತ್ತು. ಆಮೇಲೆ ಅದೇ ಅಭ್ಯಾಸವಾಯಿತು. ಚುವಾಶ್ ಪುಸ್ತಕ ಎಲ್ಲಿಗೆ ಹೋಗುತ್ತದೆ, ಅದು ನಮ್ಮದೇ, ಮನೆಯಲ್ಲೇ ಎರಡು ಕಪಾಟು ಇದೆ ಎಂದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎಂದು ಮಕ್ಕಳಿಗೆ ಮೂವತ್ತಾರು ವರ್ಷ ವ್ಯಂಗ್ಯವಾಗಿ ಹೇಳಿಕೊಟ್ಟವಳು ನಾನೇ.

"ಎಷ್ಟು?" ಎಂದು ಕೇಳಿದೆ.

"ಐದು ವರ್ಷಕ್ಕೆ ಇನ್ನೂರ ನಲವತ್ತೊಂದು. ಆ ಕಪಾಟಲ್ಲಿ ಇದ್ದಿದ್ದೇ ಇನ್ನೂರ ಮೂವತ್ತಾರು, ಟೀಚರ್. ನೀವೊಬ್ರೇ ಸಾಕಾಗಿತ್ತು."

"ಹೇಳಬಾರದಿತ್ತೇನೆ ನೀನು?"

"ಹೇಗೆ ಹೇಳ್ಲಿ? ನಮಗೆ ಚುವಾಶ್ ಓದಿ ಅಂತ ಹೇಳ್ಕೊಟ್ಟೋರೇ ನೀವು. ಸೋಮವಾರ ಅದನ್ನ ಹೇಳೋಕೇ ಬಂದಿದ್ದೆ, ನಿಮ್ಮ ಕೈಲಿ ಚಾಕು ಇತ್ತು." ಅವಳ ದನಿ ಏರಿತು. ಮೂರನೇ ಬೆಂಚಿನ ಆ ಮೆತ್ತನೆ ಹುಡುಗಿಗೆ ಇಂಥ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. "ಎರಡು ವರ್ಷ ನಾನೇ ಸುಳ್ಳು ಬರೆದೆ. ಸತ್ತುಹೋದ ನಮ್ಮಜ್ಜಿ ಹೆಸರಲ್ಲಿ ತಿಂಗಳಿಗೆ ಹತ್ತು ಚುವಾಶ್ ಪುಸ್ತಕ ಕೊಟ್ಟ ಹಾಗೆ ಬರೆದೆ. ತಪಾಸಣೆಗೆ ಬಂದೋರು ಅಜ್ಜಿನ ನೋಡ್ಬೇಕು, ಇಷ್ಟು ಓದೋಳಿಗೆ ಬಹುಮಾನ ಕೊಡ್ತೀವಿ ಅಂದ್ರು. ಸ್ಮಶಾನ ತೋರಿಸ್ಬೇಕಾಯ್ತು. ಬರೆದಿದ್ದನ್ನೆಲ್ಲ ಹೊಡೆದುಹಾಕಿಸಿ, ಎಚ್ಚರಿಕೆ ಕಾಗದ ಕೊಟ್ಟು ಹೋದ್ರು. ನಮ್ಮೂರಲ್ಲಿ ಚುವಾಶ್ ಸಾಹಿತ್ಯ ಓದೋಳು ಸತ್ತ ಅಜ್ಜಿ ಒಬ್ಳೇ, ಟೀಚರ್."

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನನಗೆ ಅಳು ಬರಲಿಲ್ಲ. ಸಿಟ್ಟೇ ಬಂತು, ಆದರೆ ಈ ಸಲ ಅದಕ್ಕೆ ಹೋಗಲು ಬೇರೆ ಮನೆ ಇರಲಿಲ್ಲ. ಐದು ವರ್ಷದಿಂದ ಸಭೆ ಸಭೆಯಲ್ಲಿ ಬೈಯುತ್ತಾ ಬಂದಿದ್ದ ಆ ನಾಚಿಕೆಗೆಟ್ಟ ಓದುಗಾರ್ತಿ ಹೊಸ ಸ್ಕಾರ್ಫ್ ಕಟ್ಟಿಕೊಂಡು ಅಲ್ಲೇ ನಿಂತಿದ್ದಳು. ಕಪಾಳಕ್ಕೆ ಬಿಗಿಯೋಣವೆಂದರೆ ಕಪಾಳ ನನ್ನದೇ.

ಹಿಂಬಾಗಿಲಿನಿಂದ ಹೊರಗೆ ಓಡಿದೆ. ಬೂದಿಯ ಮೇಲೆ ಮಂಡಿಯೂರಿ ಒಂದು ಕಟ್ಟಿಗೆ ಕೈ ಹಾಕಿದೆ. ಎಷ್ಟಾಗುತ್ತೋ ಅಷ್ಟು ಹೊತ್ತು ಮನೆಗೆ ಒಯ್ಯುತ್ತೇನೆ, ನಸ್ತುಕಳ ಕೆಲಸದ ಮಾತು ಆಮೇಲೆ.

"ಕೈ ತೆಗಿ."

ಉಗಾಹ್ವಿ ಅಜ್ಜಿ. ಎಂಬತ್ತೈದಾಗಿದೆ, ಎರಡು ಕಣ್ಣಿಗೂ ಪೊರೆ ಬಂದಿದೆ, ಕಿವಿ ಮಾತ್ರ ಬೆಕ್ಕಿನದು. ಲೈಬ್ರರಿಯ ಬೇಲಿಗೆ ಅಂಟಿಕೊಂಡೇ ಈಗ ಅವಳ ಮಗಳ ಮನೆ. ಬೂದಿಯ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದಳು. ನಮ್ಮ ಕೂಗಾಟದ ಒಂದು ಮಾತೂ ಅವಳಿಗೆ ತಪ್ಪಿರಲಿಲ್ಲ.

"ಅಜ್ಜಿ, ಸುಮ್ಮನಿರು. ಇವು ಹೋಗಿಬಿಡ್ತವೆ."

"ಎಸೆದವಳು ಎತ್ತಬಾರದು ಕಣೇ. ಎತ್ತಿದ್ರೆ ಉಳಿಯಲ್ಲ. ನಿಮ್ಮವ್ವ ನಿನ್ನ ಹೀಗೇ ಬೂದಿ ಮೇಲೆ ಮಲಗಿಸಿ ಹೋದಾಗ ನೀನು ಉಸಿರು ಕಟ್ಟೋ ಹಾಗೆ ಅಳ್ತಿದ್ದೆ. ಅವಳು ಗೋಡೆ ಆಚೆ ನಿಂತು ಬಾಯಿಗೆ ಬಟ್ಟೆ ತುರುಕ್ಕೊಂಡಿದ್ಳು. ಬಂದು ಎತ್ಕೊಂಡಳಾ?"

"ನಾನು ಎಸೆದಿಲ್ಲ. ಮೇಲಿನವರು ಎಸೆದ್ರು."

"ಮೇಲಿನವರು ಬಂದು ನಿನ್ನ ಕೈಗೆ ಆ ಕೊಲೆ ಪುಸ್ತಕ ಕೊಟ್ರಾ?" ಬಕೆಟ್ಟಿನ ಬೂದಿಯನ್ನು ನನ್ನ ಕಾಲಿನ ಪಕ್ಕದಲ್ಲೇ ಸುರಿದಳು. "ಮನೆಗೆ ಹೋಗು. ಕಿಟಕಿ ತೆಗೆದಿಡು."

ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ನನ್ನನ್ನು ತಿಪ್ಪೆಯಿಂದ ಎತ್ತಿದ ಕೈ ಅದು, ಅದು ತೋರಿಸಿದ ಕಡೆಗೆ ಹೋಗುವುದೇ ಅಭ್ಯಾಸ. ಬೀದಿಯ ಕಡೆಯ ಕಿಟಕಿ ತೆರೆದು ಕೂತೆ. ಎದುರಿಗೆ ನನ್ನ ಎರಡು ಕಪಾಟು ಚುವಾಶ್ ಪುಸ್ತಕಗಳು, ಗಾಜಿನ ಹಿಂದೆ ಅಂದವಾಗಿ, ಮದುವೆಗೆ ಮಾತ್ರ ಹೊರತೆಗೆಯುವ ಪಿಂಗಾಣಿಯ ಹಾಗೆ. ಅವುಗಳ ಬೀಗದ ಕೀಲಿ ಎಲ್ಲಿಟ್ಟಿದ್ದೇನೆಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಗಂಟೆ ಎರಡೂವರೆ ದಾಟಿತ್ತು.

ಕಿಟಕಿಯ ಚೌಕಟ್ಟನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು.

"ತಿಪ್ಪೇಲಿ ಒಂದು ಮಗು ಸಿಕ್ತು," ಎಂದಳು ಉಗಾಹ್ವಿ ಅಜ್ಜಿ. "ಕೊಳ್ತೀಯಾ?"

ಏಪ್ರನ್ನಿನಲ್ಲಿ ಸುತ್ತಿದ ಒಂದೇ ಒಂದು ಪುಸ್ತಕ. ತೆಳ್ಳಗೆ, ಬೂದು ರಟ್ಟು. ಅವಳ ಹಿಂದೆ ಗೇಟಿನ ಹತ್ತಿರ ನಸ್ತುಕ್ ಕೈಕಟ್ಟಿ ನಿಂತಿದ್ದಳು, ಮುಖ ಇನ್ನೂ ಕೆಂಪಗಿತ್ತು.

"ಕೊಳ್ತೀನಿ. ಇನ್ನೂ ತಾ ಅಜ್ಜಿ. ಎಲ್ಲಾನೂ ಕೊಳ್ತೀನಿ."

"ತಂದು ಎಲ್ಲಿಡ್ತೀಯಾ? ಆ ಗಾಜಿನ ಹಿಂದೇನಾ? ಓದದೆ ಇಟ್ಕೊಳ್ಳೋಕೆ ನಿಂಗೆ ಆಗ್ಲೇ ಎರಡು ಕಪಾಟಿದೆ. ಒಂದು ಸಾಕು. ಇದನ್ನ ಬದುಕಿಸು ನೋಡೋಣ." ಪುಸ್ತಕವನ್ನು ಕೊಡದೆ ಎದೆಗೆ ಒತ್ತಿಕೊಂಡೇ ಇದ್ದಳು. "ಈ ಹುಡುಗಿಗೆ ತೂಕ ಸರಿ ಆಗ್ಬೇಕಂತೆ. ಮೊದ್ಲು ಅದಕ್ಕೇನಾದ್ರೂ ಕೊಡು."

ಬೇಡಿಕೊಂಡೆ. ಗದರಿದೆ. ಅರವತ್ತು ವರ್ಷದ ಹೆಂಗಸು ನಾನು, ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಇನ್ನೆರಡು ತಾ, ನನ್ನದೊಂದಾದರೂ ತಾ ಎಂದು ಗೋಗರೆದೆ. ಅವಳು ಪೊರೆ ಕಟ್ಟಿದ ಕಣ್ಣನ್ನು ನನ್ನ ಕಡೆ ನೆಟ್ಟು ನಿಂತಳೇ ಹೊರತು ಕದಲಲಿಲ್ಲ.

ಮೇಜಿನ ಮೇಲೆ ಶುಪಾಶ್ಕರಿನಿಂದ ಹೊತ್ತು ತಂದ ಸಂಪುಟವಿತ್ತು. ಚಿನ್ನದ ಅಕ್ಷರದ ರಾಷ್ಟ್ರೀಯ ಅಸ್ಮಿತೆ, ಆರುನೂರು ಪುಟ. ಅದನ್ನು ಎತ್ತಿ, ನಸ್ತುಕಳನ್ನು ಹತ್ತಿರ ಕರೆದು ಕಿಟಕಿಯಿಂದ ಅವಳ ಕೈಗೆ ಹಾಕಿದೆ. ಅವಳು ಅಂಗೈಯಲ್ಲಿ ತೂಗಿ ನೋಡಿದಳು.

"ಜಾಸ್ತಿನೇ ಆಯ್ತು," ಎಂದಳು. "ಪರವಾಗಿಲ್ಲ. ಜಾಸ್ತಿ ಬಂದ್ರೆ ಯಾರೂ ಕೇಳಲ್ಲ." ಅದನ್ನು ಕಂಕುಳಿಗೆ ಸೇರಿಸಿಕೊಂಡು ಬೂದಿಯ ರಾಶಿಯ ಕಡೆ ನಡೆದಳು.

"ಅದು ತೂಕಕ್ಕಾಯ್ತು," ಎಂದಳು ಅಜ್ಜಿ. "ನನ್ನ ಬೆಲೆ ಇನ್ನೂ ಬಂದಿಲ್ಲ. ನಿಮ್ಮಪ್ಪ ರೊಟ್ಟಿ ಕೊಟ್ಟಿದ್ದ. ನಂಗೀಗ ರೊಟ್ಟಿ ಅಗಿಯೋಕೆ ಹಲ್ಲಿಲ್ಲ. ಓದು. ಒಳಗೆ ಕೂತು ಮನಸ್ಸಲ್ಲಿ ಓದ್ಕೋಬೇಡ, ಇಲ್ಲೇ, ನಂಗೆ ಕೇಳೋ ಹಾಗೆ ಓದು. ಪೂರ್ತಿ."

ಪುಸ್ತಕ ಕಿಟಕಿಯಿಂದ ಒಳಗೆ ಬಂತು. ತೆರೆಯಲು ಹೋದರೆ ತೆರೆಯಲಿಲ್ಲ. ಪುಟಗಳ ಅಂಚುಗಳು ಕೂಡಿಕೊಂಡೇ ಇದ್ದವು, ಅಚ್ಚುಮನೆಯಲ್ಲಿ ಮಡಚಿದ ಹಾಗೇ, ಓದಲು ಯಾರೂ ಕತ್ತರಿಸಿರಲಿಲ್ಲ. ಅಚ್ಚಾದ ವರ್ಷ ನೋಡಿದೆ, ಸಾವಿರದ ಒಂಬೈನೂರ ಅರವತ್ತನಾಲ್ಕು. ಬರೆದವನು ಯಾರೋ ಒಬ್ಬ ಜೇನುಗಾರ, ತೆರೆಂತಿ ಎಂದು ಹೆಸರು, ನಮ್ಮ ಜಿಲ್ಲೆಯವನೇ. ಮೂವತ್ತಾರು ವರ್ಷ ಸಾಹಿತ್ಯ ಕಲಿಸಿದ ನಾನು ಅವನ ಹೆಸರನ್ನೇ ಕೇಳಿರಲಿಲ್ಲ. ಐವತ್ತೈದು ವರ್ಷದಿಂದ ಒಬ್ಬ ಮನುಷ್ಯ ಈ ಕಪಾಟಿನಲ್ಲಿ ಬಾಯಿ ಹೊಲಿಸಿಕೊಂಡು ಕೂತಿದ್ದ, ನನ್ನ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ. ಎಲೆಕೋಸು ಹೆಚ್ಚುವ ಚಾಕು ತಂದು ಮೊದಲ ಮಡಿಕೆಯನ್ನು ಸೀಳಿದೆ. ಅಂಚು ಹರಿದು ಹಲ್ಲುಹಲ್ಲಾಯಿತು.

ಓದಲು ಶುರು ಮಾಡಿದೆ. ಜುಲೈ ತಿಂಗಳ ಒಂದು ಮದುವೆಯ ಕಥೆ. ಬಿಯರಿಗೆ ಹಾಕಲು ಹೆಂಗಸರು ಹಾಪ್ಸ್ ಬಳ್ಳಿಯ ಹೂ ಕೀಳುತ್ತಿದ್ದಾರೆ.

"ಜುಲೈನಲ್ಲಾ?" ಎಂದಳು ಅಜ್ಜಿ ತಕ್ಷಣ. "ಜುಲೈನಲ್ಲಿ ಯಾವಳು ಹಾಪ್ಸ್ ಕೀಳ್ತಾಳೆ? ಆಗಿನ್ನೂ ಎಳೆ ಇರುತ್ತೆ. ಬರೆದೋನಿಗೆ ತಲೆ ಇಲ್ಲ. ಜೇನು ಸಾಕ್ಕೊಂಡು ಇರಬಾರದಿತ್ತಾ?"

"ಅಜ್ಜಿ, ಮುಂದೆ ಹೇಳ್ತಾನೇನೋ, ಕೇಳು."

"ಹೇಳ್ಲಿ. ಬಿಡಲ್ಲ ನಾನು ಅವನನ್ನ."

ಐವತ್ತೈದು ವರ್ಷಕ್ಕೆ ಆ ಜೇನುಗಾರನಿಗೆ ಸಿಕ್ಕ ಮೊದಲ ಓದುಗಾರ್ತಿ ಅವಳು. ಸಿಕ್ಕ ತಕ್ಷಣ ಜಗಳಕ್ಕೆ ನಿಂತಳು. ಸಂಕಿರಣದಲ್ಲಿ ಮಾತಾಡಿದ ಹನ್ನೊಂದು ಜನರಲ್ಲಿ ಒಬ್ಬರಿಗೂ ಯಾವ ಪುಸ್ತಕದ ಮೇಲೂ ಇಷ್ಟು ಸಿಟ್ಟು ಬಂದಿದ್ದನ್ನು ನಾನು ಕಾಣಲಿಲ್ಲ.

ಎರಡನೆಯ ಮಡಿಕೆ ಸೀಳುತ್ತಿದ್ದಾಗ ಬೀದಿಯ ತಿರುವಿನಲ್ಲಿ ಲಾರಿಯ ಸದ್ದು ಕೇಳಿತು. ನಸ್ತುಕ್ ಡ್ರೈವರಿನ ಪಕ್ಕ ಕೂತಿದ್ದಳು, ತೂಕದ ಚೀಟಿಗಾಗಿ. ಹಿಂದುಗಡೆ ಕಟ್ಟುಗಳ ಮೇಲೆ ಕಟ್ಟು, ಎಲ್ಲಕ್ಕಿಂತ ಮೇಲೆ ಚಿನ್ನದ ಅಕ್ಷರ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಕೆಳಗೆ ಎಲ್ಲೋ ನನ್ನ ಎರಡು ಪುಸ್ತಕಗಳು. ಓದುವುದನ್ನು ಬಿಟ್ಟು ಲಾರಿಯತ್ತ ಬಗ್ಗಿದೆ.

ಅಜ್ಜಿ ಲಾರಿಯ ಕಡೆ ತಿರುಗಲೂ ಇಲ್ಲ. ಚೌಕಟ್ಟನ್ನು ಮತ್ತೆ ತಟ್ಟಿದಳು.

"ಯಾಕೆ ನಿಲ್ಲಿಸ್ದೆ? ಸದ್ದಿದ್ರೆ ಜೋರಾಗಿ ಓದು. ಬೆಲೆ ಇನ್ನೂ ತೀರಿಲ್ಲ."